ಮಾವನ ಕಾರಿಗೆ ನಾನು ಬೆಲ್ಟ್ ಹಾಕಿದ್ದು

ಮದುವೆಯಾದವನಿಗೆ ಹೆಂಡತಿಯ ಭಯ ಸಹಜ, ಅತ್ತೆಯ ಭಯ ಕಡ್ಡಾಯ. ಇವೆರಡನ್ನೂ ನಾನು ಹೇಗೋ ಹೊಂದಿಸಿಕೊಂಡು ಹೋಗುತ್ತಿದ್ದೆ. ಅಷ್ಟರಲ್ಲಿ ಮಾವನವರ ಕಾರಿನ ಭಯವೂ ಬಂದು ಸೇರಿಕೊಂಡಿತು.

ನನ್ನ ಮಾವ ಮಲ್ಲಿಕಾರ್ಜುನಪ್ಪನವರದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಎಲ್ಲರೂ ಕೊಳ್ಳುವಂಥ ಕಾರು ಕೊಳ್ಳದೆ, ಯಾರೋ ಸಾಹುಕಾರರು ಓಡಿಸಿ ಸಾಕಾಗಿ ಬಿಟ್ಟ ಜರ್ಮನಿಯ ಹಳೇ ಕಾರೊಂದನ್ನು ತಂದಿದ್ದರು. ಅದರಲ್ಲಿ ಸೂಪರ್‌ಚಾರ್ಜರ್ ಇದೆ ಎಂದು ಹೇಳುವಾಗ ಅವರ ಎದೆ ಉಬ್ಬುತ್ತಿತ್ತು.

"ಫೋನಿಗಾ ಅಪ್ಪಾ?" ಎಂದು ನನ್ನ ಹೆಂಡತಿ ಪದ್ಮಶ್ರೀ ಕೇಳಿದ್ದಳು. (ನಾನೂ ಅದನ್ನೇ ಕೇಳುವವನಿದ್ದೆ. ಅವಳು ಮುಂದಾಗಿ ನನ್ನ ಮಾನ ಉಳಿಸಿದಳು.)

ಫೋನಿಗಲ್ಲವಂತೆ. ಕಮ್ಮಾರನ ತಿದಿ ಬೆಂಕಿಗೆ ಗಾಳಿ ಊದುವ ಹಾಗೆ ಅದು ಎಂಜಿನ್ನಿಗೆ ಗಾಳಿ ಊದುತ್ತದೆ. ಅದನ್ನು ತಿರುಗಿಸಲು ಒಂದು ಉದ್ದನೆಯ ಬೆಲ್ಟ್. ಅದೇ ಬೆಲ್ಟ್ ಹಾವಿನಂತೆ ಸುತ್ತಿ ಬಳಸಿ ಡೈನಮೊ, ಏಸಿ, ಎಂಜಿನ್ ತಣಿಸುವ ನೀರಿನ ಪಂಪು ಎಲ್ಲವನ್ನೂ ತಿರುಗಿಸುತ್ತದೆ. ಒಂದೇ ಸಂಬಳದಲ್ಲಿ ಇಡೀ ಮನೆ ನಡೆದ ಹಾಗೆ.

ಕಳೆದ ಬೇಸಿಗೆಯಲ್ಲಿ ಅತ್ತೆ ಮಾವ ಕಾಶಿಗೆ ಹೊರಟರು. ಯಾತ್ರೆಯ ಬಸ್ಸು ನಮ್ಮೂರು ಚಳ್ಳಕೆರೆಯಿಂದ ಹೊರಡುತ್ತಿದ್ದುದರಿಂದ ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಅಳಿಯಂದ್ರೇ, ದಿನಾ ಒಂದ್ಸಲ ಸ್ಟಾರ್ಟ್ ಮಾಡ್ರಿ ಸಾಕು. ಇನ್ನೇನೂ ಮಾಡಬ್ಯಾಡ್ರಿ" ಎಂದು ಹೇಳಿ ಹೋದರು. ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬ್ರಷ್ ಹಿಡಿಯುವ ಕೈಗೆ ಸ್ಪ್ಯಾನರ್ ಹಿಡಿಯಲು ಬಾರದೆಂದು ಮಾವನವರ ದೃಢ ನಂಬಿಕೆ.

ದಿನಾ ಸ್ಟಾರ್ಟ್ ಮಾಡುವಾಗ ಬೆಲ್ಟ್ ಕೀಚ್ ಕೀಚ್ ಎಂದು ಕೂಗುತ್ತಿತ್ತು. ಬಗ್ಗಿ ನೋಡಿದರೆ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿದೆ. ನಮ್ಮ ಬೀದಿಯ ಮೆಕ್ಯಾನಿಕ್, "ಸಾರ್, ಇದರ ಬಾನೆಟ್ ಎತ್ತಾಕೂ ನಂಗೆ ಕೈ ನಡುಗ್ತೈತೆ" ಎಂದುಬಿಟ್ಟ. ಆಗಲೇ ನನಗೆ ಆ ದಿವ್ಯ ಯೋಚನೆ ಹೊಳೆದದ್ದು. ಬೆಂಗಳೂರಿನಿಂದ ಬೆಲ್ಟ್ ತರಿಸಿ ನಾನೇ ಹಾಕಿದರೆ, ಮಾವ ಬಂದು ಕಾರು ಸ್ಟಾರ್ಟ್ ಮಾಡಿದಾಗ ಕೀಚ್ ಎನ್ನುವುದಿಲ್ಲ. ಅವರು ಬೆರಗಾಗುತ್ತಾರೆ. ನಾನು ಸುಮ್ಮನೆ ಮುಗುಳ್ನಗುತ್ತೇನೆ.

ಬೆಲ್ಟ್ ಬಂದ ಭಾನುವಾರ ಊಟವಾದ ಮೇಲೆ ಕಾರ್ಯಾರಂಭ. ಪದ್ಮಶ್ರೀ ಬಾಗಿಲಲ್ಲಿ ನಿಂತು, "ಬಿಚ್ಚೋಕೆ ಮುಂಚೆ ಫೋನಲ್ಲಿ ಒಂದು ಫೋಟೋ ಹಿಡ್ಕೊಳ್ರಿ" ಎಂದಳು.

"ಒಂದ್ಸಲ ನೋಡಿದ್ದು ನಾನು ಮರೆಯಲ್ಲ ಕಣೇ. ಚಿತ್ರಗಾರನ ಕಣ್ಣು ಇದು."

"ನಿನ್ನೆ ಕನ್ನಡಕ ಎಲ್ಲಿಟ್ರಿ ಅಂತ ಇಬ್ರೂ ಹುಡುಕಿದ್ವಲ್ಲ."

ಚಿತ್ರಗಾರನ ಕಣ್ಣಿಗೂ ಕನ್ನಡಕಕ್ಕೂ ಸಂಬಂಧವಿಲ್ಲ ಎಂದು ವಿವರಿಸಿ, ಮೊದಲು ಬಾನೆಟ್ಟಿನ ಒಳಭಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ. ಬೆಲ್ಟಿನ ದಾರಿ ತೋರಿಸುವ ಚೀಟಿಯೊಂದು ಅಲ್ಲಿ ಅಂಟಿಸಿತ್ತು. ಅದು ಕೊಳೆಯ ಜೊತೆ ಬಟ್ಟೆಗೆ ಬಂತು. ಪರವಾಗಿಲ್ಲ ಅಂದುಕೊಂಡೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಒಂದು ಗಾಲಿ ಇದೆ. ಅದರ ಹೆಸರು ಟೆನ್ಷನರ್. ಅದು ಬೆಲ್ಟಿಗೆ ಎಷ್ಟು ಟೆನ್ಷನ್ ಕೊಡುತ್ತಿತ್ತೋ ಗೊತ್ತಿಲ್ಲ, ಆವತ್ತಿನಿಂದ ಅಷ್ಟನ್ನೂ ನನಗೆ ಕೊಟ್ಟಿತು. ಸ್ಪ್ಯಾನರ್ ಹಾಕಿ ಅದನ್ನು ತಿರುಗಿಸುತ್ತಲೇ ಹಳೇ ಬೆಲ್ಟ್ ಸಡಿಲಾಗಿ ತೊಪ್ಪೆಂದು ಕೆಳಗೆ ಬಿತ್ತು.

ಅದರ ಜೊತೆಗೇ ನನ್ನ ನೆನಪೂ ಬಿತ್ತು. ಎದುರಿಗೆ ಬರೀ ಗಾಲಿಗಳು, ಕೆಲವಕ್ಕೆ ಗೀರು, ಕೆಲವು ನುಣುಪು. ಬೆಲ್ಟ್ ಯಾವುದರ ಮೇಲಿಂದ ಹೋಗಿತ್ತು, ಯಾವುದರ ಕೆಳಗಿಂದ ಬಂದಿತ್ತು, ಒಂದೂ ತಿಳಿಯದು. ಫೋನಿನಲ್ಲಿ ವಿಡಿಯೊ ಹುಡುಕಿದರೆ ಸಿಕ್ಕ ಒಂದೇ ಒಂದರಲ್ಲಿ ಒಬ್ಬ ಗಡ್ಡದವನು ಯಾವುದೋ ಪರಭಾಷೆಯಲ್ಲಿ ಎಂಜಿನ್ನಿಗೆ ಬಯ್ಯುತ್ತಿದ್ದ. ಕೊನೆಗೆ ಒಂದು ಕಡೆಯಿಂದ ಶುರುಮಾಡಿ, ಎಲ್ಲ ಗಾಲಿಗಳಿಗೂ ನ್ಯಾಯ ಸಿಗುವಂತೆ ಹೊಸ ಬೆಲ್ಟ್ ಸುತ್ತಿದೆ. ಬಿಗಿಯಾಗಿ ಕೂತಿತು. ಕೀಲಿ ತಿರುಗಿಸಿದರೆ ಎಂಜಿನ್ ಗುಂಯ್ ಎಂದಿತು. ಕೀಚ್ ಇಲ್ಲವೇ ಇಲ್ಲ.

ನಾನು ಹಿಗ್ಗುತ್ತಿದ್ದಾಗ ಪದ್ಮಶ್ರೀ ಬಗ್ಗಿ ನೋಡಿ, "ಆ ಮಧ್ಯದ ಗಾಲಿ ಮೊದ್ಲು ಈ ಕಡೀಗೇ ತಿರುಗ್ತಿತ್ತೇನ್ರಿ?" ಎಂದಳು.

"ಯಾವ ಕಡೆ ತಿರುಗಿದ್ರೇನು, ತಿರುಗ್ತೈತಲ್ಲ" ಎಂದೆ. ಆದರೆ ಆ ಪ್ರಶ್ನೆ ರಾತ್ರಿಯೆಲ್ಲ ನನ್ನ ತಲೆಯಲ್ಲೇ ತಿರುಗಿತು.

ಮಾರನೆಯ ಬೆಳಿಗ್ಗೆಯೇ ಕಾಶಿಯಿಂದ ಬಂದ ಅತ್ತೆ ಮಾವ ನಮ್ಮಿಬ್ಬರನ್ನೂ ಮೊಳಕಾಲ್ಮೂರಿಗೆ ಹೊರಡಿಸಿದರು. ಗಂಗಾಪೂಜೆ ಇದೆ, ನಾವು ಇರಲೇಬೇಕಂತೆ. ಮಾವ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ನಾನು. ಹಿಂದೆ ಅತ್ತೆ ಜಗದಾಂಬನವರು ಗಂಗಾಜಲದ ತಂಬಿಗೆ ಮಡಿಲಲ್ಲಿಟ್ಟುಕೊಂಡು ಮಗಳ ಜೊತೆ ಕುಳಿತರು. ಕೀಚ್ ಅನ್ನಲಿಲ್ಲ ಎಂಬುದನ್ನು ಮಾವ ಗಮನಿಸಲೂ ಇಲ್ಲ.

ಚಳ್ಳಕೆರೆ ದಾಟಿದ ಸ್ವಲ್ಪ ಹೊತ್ತಿಗೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇಳತೊಡಗಿತು. ನನ್ನ ಜೀವ ಮೆಲ್ಲಗೆ ಕೆಳಗಿಳಿಯಿತು. ಎಂಜಿನ್ ಸುಟ್ಟರೆ ಕಾರು ಹೋಯಿತು. ಕಾರು ಹೋದರೆ ಮಾವ ಹೋದರು. ಆಮೇಲೆ ಉಳಿಯುವುದು ನಾನೂ ಅತ್ತೆಯೂ.

"ಮಾವ, ಸ್ವಲ್ಪ ನಿಲ್ಲಿಸ್ತೀರಾ? ಒಂದಕ್ಕೆ ಹೋಗ್ಬೇಕು."

"ಹೋಗ್ರಿ ಹೋಗ್ರಿ, ತಡ್ಕೋಬಾರದು" ಎಂದು ಮಾವ ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಿದರು. ನಾನು ಜಾಲಿಗಿಡದ ಮರೆಯಲ್ಲಿ ಆದಷ್ಟು ಹೊತ್ತು ನಿಂತು ಬಂದೆ. ಮುಳ್ಳು ಇಳಿದಿತ್ತು. ಹೊರಟ ಮೇಲೆ ಮತ್ತೆ ಏರಿತು. ತಳಕಿನ ಹತ್ತಿರ ಎಳನೀರು ಬೇಕೆಂದೆ. ನಿಲ್ಲಿಸಿದರು. ಮತ್ತೆ ಒಂದಕ್ಕೆ ಎಂದೆ. ಆಮೇಲೆ ಕುರಿ ಹಿಂಡೊಂದು ಕಂಡಿತು. ಕುರಿ ನಿಂತ ಭಂಗಿ ನೋಡಬೇಕು, ಮಕ್ಕಳಿಗೆ ಡ್ರಾಯಿಂಗ್ ಕಲಿಸಲಿಕ್ಕೆ ಎಂದೆ. ಅದಕ್ಕೂ ಮಾವ ಹ್ಞೂಂ ಎಂದರು.

ಈ ನಡುವೆ ಮಾವ ಅದೇನೋ ಗುಂಡಿ ಒತ್ತಿದರು. ಏಸಿಯ ಕಿಂಡಿಯಿಂದ ರೊಟ್ಟಿ ಸುಡುವಷ್ಟು ಬಿಸಿಗಾಳಿ ಬಂತು. ನನ್ನ ಬೆಲ್ಟ್ ಏಸಿಯನ್ನೂ ಕೆಡಿಸಿತೆಂದು ನಾನು ಸೀಟಿಗೆ ಅಂಟಿಕೊಂಡೆ.

"ಏನ್ರಿ ಇದು, ಒಳಗೆ ಬೇಯ್ತಾ ಐತೆ" ಎಂದರು ಅತ್ತೆ.

"ಜರ್ಮನಿ ಏಸಿ ಹಿಂಗೇ ಕಣೇ. ಮೊದ್ಲು ಬಿಸಿ, ಆಮೇಲೆ ತಂಪು" ಎಂದರು ಮಾವ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು.

ಅತ್ತೆಯವರಿಗೆ ಅನುಮಾನ ಬಂದದ್ದು ಕಾರಿನ ಮೇಲಲ್ಲ, ನನ್ನ ಮೇಲೆ. ಮಗಳ ಕಿವಿಯಲ್ಲಿ ತಮ್ಮ ತವರಿನ ತೆಲುಗಿನಲ್ಲಿ, "ಅಲ್ಲುಡಿಕಿ ಷುಗರ್ ಉಂದೇಮೋ" ಎಂದರು. ನನಗೆ ತೆಲುಗು ಅರ್ಧ ಬರುತ್ತದೆ, ನನ್ನ ಬಗ್ಗೆ ಆಡುವ ಅರ್ಧ. ಅಳಿಯನಿಗೆ ಸಕ್ಕರೆ ಕಾಯಿಲೆ ಇರಬೇಕಂತೆ. ಎಲ್ಲ ತಿಳಿದಿದ್ದ ಪದ್ಮಶ್ರೀ ಸೀಟಿನ ಸಂದಿಯಿಂದ ನನ್ನ ಪಕ್ಕೆ ಹಿಂಡಿ, "ಮುಳ್ಳು ಎಲ್ಲಿಗೈತೆ?" ಎಂದು ಪಿಸುಗುಟ್ಟಿದಳು. ನಾನು ಕಣ್ಣನ್ನು ಮೇಲೆ ಮಾಡಿ ತೋರಿಸಿದೆ. ಮುಳ್ಳಿಗೂ ಅದೇ ಉತ್ತರ, ದೇವರಿಗೂ ಅದೇ ಮೊರೆ.

ಹಾನಗಲ್ ದಾಟಿ ಮೊಳಕಾಲ್ಮೂರಿನ ಬೆಟ್ಟಗಳು ಕಾಣುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದಿತು. ಮಾವ ಕಾರನ್ನು ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದರು. ಹಬೆ ಬುಸ್ಸೆನ್ನುತ್ತಲೇ ಇತ್ತು. ಅತ್ತೆಯವರು ತಂಬಿಗೆ ಹಿಡಿದು ಕೆಳಗಿಳಿದು, "ಏಮಂಡಿ" ಎಂದು ಶುರುಮಾಡಿದರು. ಅತ್ತೆಯವರು ಮಾವನವರ ಜೊತೆ ತೆಲುಗಿಗೆ ತಿರುಗಿದರೆ ಪ್ರಕರಣ ಸೆಷನ್ಸ್ ಕೋರ್ಟಿಗೆ ಹೋಯಿತೆಂದು ಅರ್ಥ.

ಮಾವನವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಕೈಮುಗಿದು ಹೇಳಿಬಿಟ್ಟೆ.

"ಅತ್ತೆ, ಮಾವಂದೇನೂ ತಪ್ಪಿಲ್ಲ. ಬೆಲ್ಟ್ ಬಿಚ್ಚಿ ಹೊಸದು ಹಾಕಿದ್ದು ನಾನು. ದಾರಿ ತಪ್ಪಿಸಿ ಹಾಕಿದ್ದೀನಿ."

ಮಾವ ಸಿಟ್ಟಾಗುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಅವರ ಮುಖದಲ್ಲಿ ಕಾಶಿಯಲ್ಲೂ ಸಿಗದ ಶಾಂತಿ.

"ನೋಡ್ದೇನೇ ಜಗದಾಂಬ? ಕಾರು ತಾನಾಗಿ ಕೆಟ್ಟಿದ್ದಲ್ಲ. ಅಳಿಯಂದ್ರು ಕೆಡಿಸಿದ್ದು."

"ಎಲ್ಲಾ ಸರಿ ಇರೋದನ್ನ ಯಾಕ್ರಿ ಮುಟ್ಟಾಕೆ ಹೋದ್ರಿ?" ಎಂದು ಅತ್ತೆಯವರು ಇಡಿಯಾಗಿ ನನ್ನ ಕಡೆ ತಿರುಗಿದರು. ಆಮೇಲೆ ಅವರು ತೆಲುಗಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. (ಅರ್ಧ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಬರೆಯುವಂಥದ್ದಲ್ಲ.) ಅಷ್ಟರಲ್ಲಿ ಮೊಳಕಾಲ್ಮೂರಿನ ಮೇಲೆ ಹೋಗುವ ದೇವಸಮುದ್ರದ ಬಸ್ಸು ಬಂತು. ಅತ್ತೆಯವರು ಮಗಳನ್ನೂ ಗಂಗೆಯನ್ನೂ ಕರೆದುಕೊಂಡು ಹತ್ತಿ ಹೊರಟುಹೋದರು.

ಉಳಿದವರು ನಾವಿಬ್ಬರು. ನಾನು ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಮಾವ ಕೈ ಹಿಡಿದು ಎಳೆದು ನೆರಳಲ್ಲಿ ಕೂರಿಸಿದರು.

"ಮುಖ ಬೆಂದೋದೀತು, ಸುಮ್ನೆ ಕೂತ್ಕೊಳ್ರಿ. ಮುಳ್ಳು ಏರಿದ್ದು ನಾನೂ ನೋಡ್ತಾನೇ ಇದ್ದೆ."

"ಮತ್ಯಾಕೆ ಏನೂ ಅನ್ನಲಿಲ್ಲ ಮಾವ?"

"ಏನಂತ ಅನ್ಲಿ? ಈ ಕಾರು ಒಂದ್ಸಲ ದಾರ್ಯಾಗೆ ನಿಂತ್ರೆ ಅವತ್ತೇ ಗುಜರಿಗೆ ಹಾಕ್ತೀನಿ ಅಂತ ನಿಮ್ಮತ್ತೆ ಹೇಳ್ಯಾಳೆ. ಬಿಸಿಗಾಳಿ ಬಿಟ್ಟಿದ್ದೂ ನಾನೇ. ಎಂಜಿನ್ ಬಿಸಿ ಒಳಗೆ ಎಳ್ಕೊಳ್ಳಲಿ ಅಂತ. ದೇವರು ನಡುನಡುವೆ ನಿಮಗೆ ಒಂದಕ್ಕೆ ಬರಿಸ್ದ, ಇಲ್ಲಾಂದ್ರೆ ತಳಕಿನಾಗೇ ನಿಂತೋಗ್ತಿತ್ತು."

ಪಕ್ಕದವರೂ ಅದೇ ಮುಳ್ಳಿಗೆ ಹೆದರಿದ್ದಾರೆಂದು ತಿಳಿಯದೆ ಇಬ್ಬರು ಗಂಡಸರು ಅಷ್ಟು ದೂರ ಅಕ್ಕಪಕ್ಕ ಕುಳಿತು ಬೆಂದಿದ್ದೆವು.

ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ ನೋಡಿ ಹೇಳಿದ್ದಿಷ್ಟೇ. ಆ ಮಧ್ಯದ ನುಣುಪು ಗಾಲಿ ನೀರಿನ ಪಂಪಿನದು, ಅದಕ್ಕೆ ಬೆಲ್ಟಿನ ನುಣುಪು ಬೆನ್ನು ತಾಗಬೇಕಿತ್ತು, ನಾನು ಗೀರಿರುವ ಹೊಟ್ಟೆ ತಾಗಿಸಿದ್ದೆ. ಪಂಪು ಹಿಂದುಮುಂದಾಗಿ ತಿರುಗಿದೆ. ನಿಲ್ಲಿಸಿ ನಿಲ್ಲಿಸಿ ಬಂದದ್ದರಿಂದ ಎಂಜಿನ್ ಉಳಿದಿದೆ. ಕಾರು ಈಗ ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ. ಮಾವನವರೂ ನನ್ನನ್ನು ಮೊದಲಿಗಿಂತ ಪ್ರೀತಿಯಿಂದ ಕಾಣುತ್ತಾರೆ. ಅಳಿಯ ಕೊನೆಗೂ ಗಣ್ಯನಾದನೆಂದು ನಾನು ಬೀಗುತ್ತಿದ್ದೆ.

ಮೊನ್ನೆ ಅವರ ಫೋನು ಬಂತು. ದನಿ ಬಹಳ ಸಣ್ಣದಾಗಿತ್ತು.

"ಅಳಿಯಂದ್ರೇ, ನಿಮ್ಮತ್ತೆ ಮಿಕ್ಸಿ ನನ್ನ ಕೈಯಾಗೆ ಕೆಟ್ಟೋಯ್ತು. ಹೋದ ವಾರ ನೀವು ಬಂದಿದ್ರಲ್ಲ, ಮುಟ್ಟಿದ್ರಿ ಅಂತ ಹೇಳ್ಲಾ?"

ಹಿಂದಿನಿಂದ ಅತ್ತೆಯವರ ಹೆಜ್ಜೆಯ ಸದ್ದು ಫೋನಿನಲ್ಲೇ ಕೇಳಿಸಿತು.

"ಹೇಳ್ರಿ ಮಾವ" ಎಂದೆ.