ಕೆಂಪು ಗೆರೆಯೂ ನಮ್ಮತ್ತೆಯ ಮೊಳೆಯೂ

ಕೆಲವರು ಹೊಸ ಸೀರೆ ಉಟ್ಟ ದಿನವೇ ಅವರ ಮೇಲೆ ಯಾರಾದರೂ ಸಾಂಬಾರ್ ಚೆಲ್ಲುತ್ತಾರೆ. ನಾನು ಹೊಸ ವಿದ್ಯೆ ಕಲಿತಾಗಲೂ ಅಷ್ಟೇ, ಇಂಥದ್ದೇ ಏನಾದರೂ ಆಗುತ್ತೆ. ಸುಮ್ಮನೆ ಕಲಿತು ಸುಮ್ಮನೆ ಇರೋ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ.

ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗದಲ್ಲಿದ್ದೀನಿ. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡ್ತೀವಲ್ಲ, ಆಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಹೇಳೋದು ನನ್ನ ಪಾಲಿನದು. ಅಷ್ಟು ವರ್ಷ ಅದನ್ನೆಲ್ಲ ಬಾಯಿಮಾತಲ್ಲೇ ನಡೆಸಿಕೊಂಡು ಬಂದಿದ್ದೆ. ತಲೆಯಲ್ಲಿ ಅರ್ಧ ಬಿಳಿ ಕೂದಲು ಬಂದಮೇಲೆ ನಮ್ಮ ಮ್ಯಾನೇಜರ್ ಕರೆದು, "ಕ್ರಿಟಿಕಲ್ ಪಾತ್ ಮೆಥಡ್ ಅಂತ ಒಂದಿದೆ, ಕಲಿತು ಬನ್ನಿ" ಅಂದರು. ಕಲಿತು ಬಂದೆ. ಚೆನ್ನಾಗಿಯೇ ಕಲಿತೆ. ಜಂಬ ಅಂದ್ಕೊಂಡರೆ ಅಂದ್ಕೊಳ್ಳಿ, ಮುಂದೆ ಹೇಳೋದೆಲ್ಲ ಜಂಬದ ಮಾತೇ.

ಬಚ್ಚಲಮನೆ ಮುಂದೆ ನಿಂತ ಬಾಣಗಳು

ಪಾಠ ಹೇಳೋಕೆ ಬಂದ ಮೇಡಂ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು, ಅಷ್ಟೇ. ಆದರೆ ಎಂಥಾ ಪಾಠ! ಒಂದೊಂದು ಕೆಲಸಕ್ಕೂ ಒಂದು ಡಬ್ಬಿ ಬರೀಬೇಕು, ಯಾವುದು ಮುಗಿದಮೇಲೆ ಯಾವುದು ಅಂತ ಬಾಣ ಹಾಕಬೇಕು. ಕೆಲವು ಕೆಲಸ ತಡವಾದರೂ ಏನೂ ಮುಳುಗಿಹೋಗಲ್ಲ. ಅವಕ್ಕೆ ಬಿಡುವಿದೆ ಅಂತ ಲೆಕ್ಕ. ಇನ್ನು ಕೆಲವು ಒಂದು ದಿನ ತಡವಾದರೆ ಇಡೀ ಕೆಲಸವೇ ಒಂದು ದಿನ ತಡ. ಅಂಥವನ್ನೆಲ್ಲ ಸೇರಿಸಿ ಒಂದು ಕೆಂಪು ಗೆರೆ ಎಳೀಬೇಕು. ಆ ಗೆರೆ ಮೇಲೆ ಕಣ್ಣಿಟ್ಟರೆ ಸಾಕು, ಉಳಿದದ್ದು ಹೊಂದಿಕೊಂಡು ಹೋಗುತ್ತೆ.

"ಮನೇದೇ ತಗೊಳ್ಳಿ. ಬೆಳಿಗ್ಗೆ ಎದ್ದು ಎಲ್ಲರೂ ಹೊರಡೋವರೆಗೆ ಏನೇನಾಗುತ್ತೆ, ಬರೆದು ತೋರಿಸಿ" ಅಂದರು ಮೇಡಂ.

ನನ್ನ ಪಕ್ಕದಲ್ಲಿ ನಮ್ಮ ಕಾರ್ಖಾನೆಯ ಪೇಂಟಿಂಗ್ ಫೋರ್‌ಮನ್ ಕೂತಿದ್ದರು. ತುಂಬಿದ ಸಂಸಾರ, ಮನೆಗೊಂದೇ ಬಚ್ಚಲಮನೆ. ಅವರ ಹಾಳೆಯಲ್ಲಿ ಎಲ್ಲ ಬಾಣಗಳೂ ಬಂದು ಒಂದೇ ಡಬ್ಬಿ ಮುಂದೆ ನಿಂತುಬಿಟ್ಟಿದ್ದವು.

"ಇದೇನು ಸರ್?"

"ನಮ್ಮಪ್ಪ ಮೇಡಂ. ಪೇಪರ್ ತಗೊಂಡು ಒಳಕ್ಕೆ ಹೋದ್ರೆ ಮುಗೀತು."

"ಡಬ್ಬಿಯೊಳಗೆ ಜನರನ್ನ ಬರೀಬಾರ್ದು ಸರ್, ಕೆಲಸ ಬರೀಬೇಕು."

"ಒಳಗೇನು ಕೆಲಸ ನಡೀತದೆ ಅಂತ ಹೊರಗೆ ನಿಂತೋರಿಗೆ ಎಂಗೆ ಗೊತ್ತಾಗ್ಬೇಕು ಮೇಡಂ?"

ಕ್ಲಾಸೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಮಾತ್ರ ಬಿಡಲಿಲ್ಲ. "ಈ ಕೆಂಪು ಡಬ್ಬೀನ ಚಿಕ್ಕದು ಮಾಡೋದು ಹೇಗೆ, ಯಾರು ಹೇಳ್ತೀರಾ?" ಅಂದರು. ನಾನು ಕೈಯೆತ್ತಿದೆ. "ಪೇಪರ್ ತಡವಾಗಿ ಹಾಕೋಕೆ ಹೇಳಿ ಮೇಡಂ. ಓದೋಕೆ ಏನೂ ಇಲ್ಲದಿದ್ರೆ ಅವರು ತಾನಾಗೇ ಬೇಗ ಹೊರಗೆ ಬರ್ತಾರೆ." ಮೇಡಂ ಬೆರಳು ಮಾಡಿ, "ನೋಡಿ, ಇವರಿಗೆ ಅರ್ಥ ಆಯ್ತು" ಅಂದರು. ಸ್ಕೂಲು ಬಿಟ್ಟಮೇಲೆ ಮೇಷ್ಟ್ರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಅವತ್ತು ಬಸ್ಸಲ್ಲಿ ಸೀಟು ಸಿಗದಿದ್ದರೂ ನಿಂತೇ ನಗ್ತಾ ಬಂದೆ.

ಮುಂದಿನ ವಾರ ಫೋರ್‌ಮನ್ ಮುಖ ಇಳಿಬಿಟ್ಟುಕೊಂಡು ನನ್ನ ಹತ್ತಿರ ಬಂದರು. "ನಿಮ್ಮ ಮಾತು ಕೇಳಿ ಪೇಪರೇ ನಿಲ್ಲಿಸ್ಬುಟ್ಟೆ ಮೇಡಂ. ಈಗ ಮೊಬೈಲ್ ತಗೊಂಡು ಹೋಗ್ತಾರೆ. ಪೇಪರಿಗಾದ್ರೆ ಕೊನೇ ಪುಟ ಅಂತ ಒಂದಿತ್ತು!"

ಎಲ್ಲರಿಗೂ ಕೆಂಪೇ ಬೇಕು

ಆ ವರ್ಷ ಯಂತ್ರ ನಿಲ್ಲಿಸೋ ಕಾಲಕ್ಕೆ ನಾನೇ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಬಾಯ್ಲರ್ ಬಿಚ್ಚೋದು, ತೊಳೆಯೋದು, ಕೊಳವೆ ಬದಲಾಯಿಸೋದು, ಇವೆಲ್ಲ ಕೆಂಪು. ಗೋಡೆಗೆ ಬಣ್ಣ ಹೊಡೆಯೋದು ಕಪ್ಪು.

ಅದೇ ಫೋರ್‌ಮನ್ ಬಂದು ಚಾರ್ಟ್ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. "ಇದೇನ್ ಮೇಡಂ, ನಮ್ದು ಮಾತ್ರ ಕಪ್ಪು?"

"ನಿಮ್ಮ ಕೆಲಸಕ್ಕೆ ಬಿಡುವಿದೆ, ಅದಕ್ಕೆ."

"ಬಿಡುವಾ? ನಾವೇನು ಇಲ್ಲಿ ಕಡ್ಲೆಕಾಯಿ ಬಿಡಿಸ್ಕೊಂಡು ಕೂತಿರ್ತೀವಾ?"

ಬಿಡುವಿರೋದು ಕೆಲಸಕ್ಕೆ, ಮನುಷ್ಯರಿಗಲ್ಲ ಅಂತ ಪರಿಪರಿಯಾಗಿ ಹೇಳಿದೆ. ತಲೆಯಾಡಿಸಿಕೊಂಡು ಹೋದರು. ಮಾರನೇ ದಿನ ಬಂದು ನೋಡ್ತೀನಿ, ಚಾರ್ಟೆಲ್ಲ ಕೆಂಪೋ ಕೆಂಪು! ಬಣ್ಣ ಹೊಡೆಯೋದು ಕೆಂಪು, ಕಸ ಎತ್ತೋದು ಕೆಂಪು, ಟೀ ವಿರಾಮವೂ ಕೆಂಪು. ನನಗೆ ಮೈಯೆಲ್ಲ ಉರಿದುಹೋಯ್ತು. "ಯಾರ್ರೀ ಇದನ್ನ ಮಾಡಿದ್ದು?" ಅಂತ ಕೂಗಿದೆ.

ಫೋರ್‌ಮನ್ ಉಗುರಿನ ಸಂದಿಯ ಕೆಂಪು ಬಣ್ಣ ಕೆರೆಯುತ್ತಾ, "ನೀಟಾಗಿ ಬಂದದೆ ಅಲ್ವಾ ಮೇಡಂ? ಎರಡು ಕೋಟ್" ಅಂದರು.

ಹೊಸ ಚಾರ್ಟ್ ಬರೆದೆ, ಕೆಲಸ ಹೇಳಿದ ದಿನಕ್ಕೇ ಮುಗೀತು. ಹಿಂದೆ ಯಾವ ವರ್ಷವೂ ಹಾಗೆ ಮುಗಿದಿರಲಿಲ್ಲ. ಮ್ಯಾನೇಜರ್ ಎಲ್ಲರೆದುರು ಎದ್ದು ನಿಂತು ನನ್ನ ಕೈ ಕುಲುಕಿದರು. ಹಿಂದಿನಿಂದ ಫೋರ್‌ಮನ್ ಪಕ್ಕದವರಿಗೆ ಹೇಳ್ತಿದ್ದದ್ದು ನನ್ನ ಕಿವಿಗೂ ಬಿತ್ತು: "ಒಂದು ಸಲ ಎಲ್ರಿಗೂ ಕೆಂಪು ಹಚ್ಚಿದ್ನಲ್ಲ, ಅದರ ಬಿಸಿ ಕಣಪ್ಪ ಇದು."

ಫ್ರಿಜ್ ಮೇಲಿನ ಮಾವನವರು

ನಾವಾಗ ಇದ್ದದ್ದು ಯಾದವಗಿರಿಯ ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ, ಬಾಡಿಗೆಗೆ. ಮಾಲೀಕರು ಒಳ್ಳೆಯವರೇ. ಆದರೆ ಒಂದೇ ಒಂದು ಷರತ್ತು: ಗೋಡೆಗೆ ಮೊಳೆ ಹೊಡೀಬಾರ್ದು. ನಮ್ಮತ್ತೆ ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವರು, ಎಲ್ಲ ಕಡೆಯೂ ಅದೇ ಷರತ್ತು. ಹೀಗಾಗಿ ತೀರಿಹೋದ ನಮ್ಮ ಮಾವನವರ ಫೋಟೋ ಫ್ರಿಜ್ ಮೇಲೆ ಒರಗಿಕೊಂಡಿರುತ್ತಿತ್ತು. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೆ ಮಾವನವರು ಬೋರಲು ಬೀಳುತ್ತಿದ್ದರು. ಅತ್ತೆ ಎಲ್ಲಿದ್ದರೂ ಓಡಿಬಂದು, "ಪಾಪ, ಬದುಕಿದ್ದಾಗ ಒಂದು ದಿನ ಎಡವಿದೋರಲ್ಲ" ಅಂತ ಸೆರಗಿನಿಂದ ಒರೆಸಿ ಮತ್ತೆ ನಿಲ್ಲಿಸುತ್ತಿದ್ದರು.

ದಟ್ಟಗಳ್ಳಿಯಲ್ಲಿ ನಮ್ಮ ಸ್ವಂತ ಮನೆ ಏಳುತ್ತಿತ್ತು. ಏಳುತ್ತಲೇ ಇತ್ತು. ಒಂದು ದಿನ ಅತ್ತೆ ನೇರವಾಗಿ ಹೇಳಿಬಿಟ್ಟರು. "ನೋಡಮ್ಮ, ಆಷಾಢ ಬಂದ್ರೆ ಗೃಹಪ್ರವೇಶ ಮಾಡೋಹಾಗಿಲ್ಲ. ಅದರೊಳಗೆ ಹಾಲುಕ್ಕಿಸ್ಬೇಕು. ಇನ್ನೊಂದು ಆಷಾಢ ಇವರನ್ನ ಫ್ರಿಜ್ ಮೇಲೆ ಇಟ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ." ಸೆರಗಿನ ತುದಿ ಬಿಚ್ಚಿ ತೋರಿಸಿದರು. ಒಂದು ಉದ್ದನೆಯ ಮೊಳೆ. ಅಂಗಡಿಯಿಂದ ಆಗಲೇ ತಂದಿಟ್ಟುಕೊಂಡಿದ್ದರು.

"ಆಷಾಢದೊಳಗೆ ನೀವು ಮೊಳೆ ಹೊಡೀತೀರಾ ಅತ್ತೆ, ಇದು ನನ್ನ ಮಾತು" ಅಂದೆ. ಅಡುಗೆಮನೆ ಬಾಗಿಲಿಗೆ ಹೊಸ ಮನೆಯ ಚಾರ್ಟ್ ಅಂಟಿಸಿ ಒಂದೊಂದೇ ಡಬ್ಬಿ ವಿವರಿಸಿದೆ. ಒಂದು ಕೆಲಸ ಕಾಯ್ತಾ ನಿಂತಾಗ ಸುಮ್ಮನೆ ಕೂರದೆ ಪಕ್ಕದ ಕೆಲಸ ಮುಗಿಸಿಕೊಳ್ಳಬೇಕು ಅನ್ನೋದನ್ನೂ ಹೇಳಿಕೊಟ್ಟೆ. ಅತ್ತೆ ಕನ್ನಡಕ ಹಾಕ್ಕೊಂಡು ಪೂರ್ತಿ ಕೇಳಿ, ಕೊನೆಗೆ "ಎಲ್ಲಾ ಸರಿ ಕಣೇ, ಅಂಟಿಸೋಕೆ ಮಾಲೀಕರನ್ನ ಕೇಳಿದ್ಯಾ?" ಅಂದರು.

ಯಜಮಾನರ ಬಿಡುವು

ಚಾರ್ಟಿನಲ್ಲಿ ನಮ್ಮ ಯಜಮಾನರಿಗೆ ಕೊಟ್ಟದ್ದು ಒಂದೇ ಕೆಲಸ, ಟೈಲ್ಸ್ ಆರಿಸೋದು. ಬೇಕಾದಷ್ಟು ಬಿಡುವಿತ್ತು. ಅದೇ ತಪ್ಪಾಯ್ತು ನೋಡಿ. ಬಿಡುವಿದೆ ಅಂತ ಗೊತ್ತಾದ ಮೇಲೆ ಗಂಡಸರ ಕೈಲಿ ಕೆಲಸ ಮಾಡಿಸೋಕಾಗುತ್ತಾ? ಊರಿನ ಅಂಗಡಿಗಳನ್ನೆಲ್ಲ ಸುತ್ತಿ ಬಂದರು. ಒಂದು ಜಾರುತ್ತೆ, ಒಂದು ಮಂಕು, ಇನ್ನೊಂದು ಯಾವುದೋ ಆಸ್ಪತ್ರೆಯ ನೆಲದ ಹಾಗಿದೆ. ಗಾರೆಯವರು ನೆಲದ ಕೆಲಸಕ್ಕೆ ಸಿದ್ಧರಾಗಿ ಬಂದು ಕೂತರೂ ಇವರಿಗೆ ಟೈಲ್ಸ್ ಸಿಕ್ಕಿರಲಿಲ್ಲ.

ಅವತ್ತು ಕೆಂಪು ಪೆನ್ನು ತಗೊಂಡು ಇವರ ಡಬ್ಬಿಗೆ ಸುತ್ತು ಹಾಕಿದೆ. "ನಿಮ್ಮ ಬಿಡುವು ಮುಗೀತು. ಇನ್ನು ನೀವು ತಡ ಮಾಡಿದಷ್ಟೂ ಅಮ್ಮನ ಮೊಳೆ ತಡ." ಅತ್ತೆ ಮೊಳೆಯನ್ನ ಇವರ ಊಟದ ತಟ್ಟೆ ಪಕ್ಕ ಇಟ್ಟರು. ಇವರು ಅರ್ಧ ಊಟಕ್ಕೇ ಎದ್ದು ಹೋಗಿ ಟೈಲ್ಸ್ ಗೊತ್ತು ಮಾಡಿ ಬಂದರು. ಹಾಲಿನ ಹಾಗೆ ಬಿಳೀದು. "ನೋಡು, ಹೇಗಿದೆ ನನ್ನ ಸೆಲೆಕ್ಷನ್!" ಅಂತ ಎದೆಯುಬ್ಬಿಸಿದರು. ಮೊದಲನೇ ದಿನ, ಮೊದಲನೇ ಅಂಗಡಿಯಲ್ಲಿ, ಮೊದಲು ತೋರಿಸಿದ ಟೈಲ್ಸ್ ಅದೇ.

ಹಸುವಿನ ಡ್ಯೂಟಿ

ಆಷಾಢಕ್ಕೆ ಮುಂಚಿನ ಕೊನೇ ಮುಹೂರ್ತ ಸಿಕ್ಕಿತು. ಹಿಂದಿನ ದಿನ ಮಧ್ಯಾಹ್ನಕ್ಕೆಲ್ಲ ಮನೆ ಸಿದ್ಧ. ಕೊನೇ ಡಬ್ಬಿಗೆ ಟಿಕ್ ಹಾಕಿ ನಾನು ಬೀಗ್ತಾ ನಿಂತಿದ್ದೆ. ಅತ್ತೆ ಕೇಳಿದರು, "ಹಸುಗೆ ಹೇಳಿದ್ಯಾ?"

ಚಾರ್ಟಿನಲ್ಲಿ ಬಾಗಿಲ ಚಿಲಕಕ್ಕೂ ಡಬ್ಬಿ ಇತ್ತು. ಹಸುವಿಗೆ ಇರಲಿಲ್ಲ! ಹೊಸ ಮನೆಯೊಳಗೆ ಮೊದಲು ಹೋಗಬೇಕಾದ್ದೇ ಹಸು. ದಟ್ಟಗಳ್ಳಿಯ ಹಳೇ ಊರಿನ ಕಡೆ ಹಸು ಸಾಕಿರೋ ಒಬ್ಬಾಕೆಯ ಮನೆಗೆ ಓಡಿದೆ.

"ಬತ್ತೀನಿ ಕಣಕ್ಕ, ಆದ್ರೆ ನಾಳೆ ನಿಮ್ದೂ ಸೇರಿ ನಿಮ್ಮ ರಸ್ತೇಲೇ ನಾಕು ಮನೆ. ಎಲ್ರೂ ಒಂದೇ ಒತ್ಗೆ ಬಾ ಅಂತಾವ್ರೆ."

"ಬೇರೆ ಹಸು ಸಿಗಲ್ವೇನಮ್ಮ?"

"ಸಿಕ್ತವೆ. ಟೈಲ್ಸ್ ನೋಡುದ್ರೆ ಎದ್ರುಕೊಂಡು ನಿಂತ್ಬುಡ್ತವೆ. ನಮ್ದು ಪಳಗ್ಬುಟ್ಟದೆ."

ನಾನೇನು ಕಲಿತದ್ದು ಸುಮ್ಮನೆಯಾ? ಉಳಿದ ಮೂರೂ ಮನೆಯವರನ್ನ ನಮ್ಮ ಜಗಲಿಗೆ ಕರೆದೆ. ಯಾರ ಲಗ್ನ ಎಷ್ಟು ಹೊತ್ತಿನವರೆಗಿದೆ ಅಂತ ಕೇಳಿಕೊಂಡು, ಟೈಲ್ಸ್ ಬಂದ ರಟ್ಟಿನ ಮೇಲೆ ಹಸುವಿನ ಚಾರ್ಟ್ ಬರೆದೆ. ಬಿಡುವಿಲ್ಲದವರು ಮೊದಲು, ನಾವು ಮೂರನೆಯವರು, ಬಿಡುವು ಜಾಸ್ತಿಯಿದ್ದ ಮೂಲೆ ಮನೆಯವರು ಕೊನೆ. ಎಲ್ಲರೂ ಒಪ್ಪಿದರು. "ನೀವಿಲ್ದಿದ್ರೆ ನಾಳೆ ಹಸೂನ ಎಳೆದಾಡ್ಬಿಡ್ತಿದ್ವಿ ಕಣ್ರೀ" ಅಂದರು ಮೂಲೆ ಮನೆಯ ಹಿರಿಯರು.

ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಹಸು ಕರು ಸಮೇತ ನಮ್ಮ ಮನೆಗೆ ಬಂತು. ನೆಂಟರು ತುಂಬಿದ್ದರು, ನಮ್ಮ ಪೇಂಟಿಂಗ್ ಫೋರ್‌ಮನ್ನೂ ಬಂದಿದ್ದರು. ಹಸು ಬಿಳೀ ಟೈಲ್ಸ್ ಮೇಲೆ ಗಂಭೀರವಾಗಿ ನಡೆದು ನಡುಮನೆಯ ಮಧ್ಯೆ ನಿಂತಿತು. ಪೂಜೆ ಆಯ್ತು, ಬೆಲ್ಲ ಬಾಳೆಹಣ್ಣು ತಿಂದಿತು. ಹಸು ಸಾಕಿದಾಕೆ ಹೊರಡಿಸೋಕೆ ಹಗ್ಗ ಎಳೆದರೆ ಅತ್ತೆ, "ತಡೀಮ್ಮ, ಸಗಣಿ ಹಾಕ್ಲಿ. ಗೃಹಪ್ರವೇಶದ ಹಸು ಹಾಗೇ ಹೋಗ್ಬಾರ್ದು" ಅಂದರು.

"ಎಲ್ಲಾ ಮೊದಲ್ನೇ ಮನೇಲೇ ಆಗೋಯ್ತು ಕಣವ್ವಾ. ಮಿಕ್ಕಿದ್ದು ಎರಡ್ನೇ ಮನೇಲಿ."

"ನಾನು ಕಾಯ್ತೀನಿ" ಅಂತ ಅತ್ತೆ ಸ್ಟೂಲ್ ಮೇಲೆ ಕೂತೇಬಿಟ್ಟರು.

ಮನೆ ತುಂಬ ಜನ ಹಸುವಿನ ಬಾಲವನ್ನೇ ನೋಡ್ತಾ ನಿಂತೆವು. ಪುರೋಹಿತರು "ಲಗ್ನ ಮೀರ್ತಾ ಇದೆ, ಹಾಲುಕ್ಕಿಸ್ಬೇಕು" ಅಂತ ಒಂದೇ ಸಮನೆ ಹೇಳ್ತಿದ್ದರು. ಮೂಲೆ ಮನೆಯವರು ಫೋನ್ ಮೇಲೆ ಫೋನ್. ಹಸು ನೆಮ್ಮದಿಯಾಗಿ ಫ್ಯಾನ್ ನೋಡ್ತಾ ಮೆಲುಕು ಹಾಕುತ್ತಿತ್ತು. ಲಗ್ನ ತಪ್ಪಿದರೆ ಮುಂದೆ ಆಷಾಢ, ಮಾವನವರು ಮತ್ತೆ ಫ್ರಿಜ್ ಮೇಲೆ. ಆ ಕ್ಷಣಕ್ಕೆ ಇಡೀ ರಸ್ತೆಯ ಕೆಂಪು ಗೆರೆ ಆ ಹಸುವಿನ ಹೊಟ್ಟೆಯೊಳಗಿಂದ ಹಾದುಹೋಗ್ತಿತ್ತು. ನನಗೆ ಅಳುವೇ ಬಂತು.

ಅತ್ತೆ ತಟಕ್ಕನೆ ಎದ್ದರು. "ಅದು ಬರೋವರೆಗೂ ನಾನ್ಯಾಕೆ ಸುಮ್ನೆ ಕೂರ್ಲಿ? ಪಕ್ಕದ ಕೆಲಸ ಮುಗಿಸ್ಕೋಬೇಕು ಅಂತ ನೀನೇ ಹೇಳಿದ್ಯಲ್ಲ." ಸೆರಗಿನಿಂದ ಮೊಳೆ ಬಿಚ್ಚಿದರು, ಮಗನ ಕೈಲಿ ಸುತ್ತಿಗೆ ತರಿಸಿದರು. ಸ್ಟೂಲ್ ಹತ್ತಿ ಹೊಸ ಗೋಡೆಗೆ, ಇಷ್ಟು ವರ್ಷ ಒಳಗೇ ಕಟ್ಟಿಟ್ಟುಕೊಂಡಿದ್ದ ಆಸೆಯನ್ನೆಲ್ಲ ಸೇರಿಸಿ ಹೊಡೆದರು ನೋಡಿ, ಠಣ್!

ಹಸು ಬೆಚ್ಚಿಬಿತ್ತು. ಬಾಲ ಮೇಲಕ್ಕೆದ್ದಿತು. ಬಿಳೀ ಟೈಲ್ಸಿನ ನಟ್ಟನಡುವೆ ಬಿತ್ತು ಪ್ರಸಾದ!

ಮನೆಯೆಲ್ಲ ಚಪ್ಪಾಳೆ. "ಅಯ್ಯೋ, ನನ್ನ ಟೈಲ್ಸ್!" ಅಂದರು ಇವರು. ಹಸು ನಾಲ್ಕನೇ ಮನೆಗೆ ಓಡಿತು. ಲಗ್ನದೊಳಗೇ ನಮ್ಮ ಹಾಲು ಉಕ್ಕಿತು. ಮಾವನವರು ಗೋಡೆ ಮೇಲೆ ನೆಟ್ಟಗೆ ನಿಂತರು. ಅತ್ತೆ ಎಲ್ಲರಿಗೂ, "ನನ್ನ ಸೊಸೆ ಹಸೂಗೂ ಡ್ಯೂಟಿ ಹಾಕಿದೋಳು" ಅಂತ ಕಣ್ಣೊರೆಸಿಕೊಂಡೇ ಹೇಳ್ತಾ ಓಡಾಡಿದರು. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು, "ಏನೇ, ನಿನ್ನ ಚಾರ್ಟಲ್ಲಿ ನನ್ನ ಮೊಳೆ ಯಾವ ಬಣ್ಣ?"

"ಅದು ಚಾರ್ಟಲ್ಲೇ ಇಲ್ಲವಲ್ಲ ಅತ್ತೆ."

"ಇಲ್ವಾ? ಅದಿಲ್ದಿದ್ರೆ ಹಸು ಇನ್ನೂ ಇಲ್ಲೇ ನಿಂತಿರ್ತಿತ್ತು. ಬರಿ ಈಗ್ಲೇ. ಕೆಂಪಲ್ಲಿ."

ಹಿಂದಿನಿಂದ ಫೋರ್‌ಮನ್ ತೋಳು ಮಡಚಿಕೊಂಡು ಬಂದರು. "ನಾನು ಹಚ್ತೀನಿ ಬುಡಿ ಅಮ್ಮಾ. ಎರಡು ಕೋಟ್ ಸಾಕಾ?"