ಕೋಡಿ ಬಿದ್ದ ಕಾರ್ಬುರೇಟರು

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದದ್ದನ್ನು ನೀರಾವರಿ ಓವರ್‌ಸಿಯರ್ ಹಾಲಸ್ವಾಮಿ ತನ್ನ ಸರ್ವೀಸಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆದರೆ ಅವನ ಮೋಟಾರ್ ಸೈಕಲ್ಲು ದಿನವೂ ಕೋಡಿ ಬೀಳುತ್ತಿತ್ತು. ಸ್ಟ್ಯಾಂಡು ಹಾಕಿ ನಿಲ್ಲಿಸಿದರೆ ಸಾಕು, ಕಾರ್ಬುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕಿ ಜಗಲಿಯ ಕೆಳಗೆ ಮಡುಗಟ್ಟುತ್ತಿತ್ತು. ಅಂಚೆಯವನು ಬೀಡಿ ಆರಿಸಿ ಒಳಗೆ ಬರುತ್ತಿದ್ದ. (ಈಚೆಗೆ ಬೀಡಿ ಬಿಡಲಾರದೆ, ಕಾಗದಗಳನ್ನೇ ಕಾಂಪೌಂಡಿನಾಚೆಯಿಂದ ಎಸೆಯುತ್ತಿದ್ದ.)

"ಇಡೀ ಡ್ಯಾಮಿನ ನೀರು ಹಿಡಿದಿಡೋರಿಗೆ ಒಂದು ಲೋಟ ಪೆಟ್ರೋಲು ಹಿಡಿಯಾಕಾಗಲ್ವೇನ್ರಿ?" ಎಂದಳು ಹೆಂಡತಿ ಜಯಕ್ಕ. ಗಾಡಿ ಮನೆಗೆ ಬಂದು ಮೂರು ವರ್ಷವಾದರೂ ಅವಳು ಅದರ ಮೇಲೆ ಕೂತವಳಲ್ಲ. ಈಗ ಶಾಸನ ಹೊರಡಿಸಿದಳು: "ಭಾನುವಾರ ಮಾಡದಕೆರೆಯಾಗೆ ನನ್ನ ತಮ್ಮ ಮೂರ್ತಪ್ಪನ ಮಗಿಗೆ ಹೆಸರಿಡೋದೈತೆ. ಅಷ್ಟರಾಗೆ ಗಾಡಿ ಸರಿಹೋದ್ರೆ ನಿಮ್ಮ ಹಿಂದೆ ಕುಂತು ಬರ್ತೀನಿ. ಇಲ್ದಿದ್ರೆ ಬಸ್ಸಿಗೆ ಹೋಗಾಣ, ಗಾಡಿ ಮೂರ್ತಿಗೇ ಕೊಟ್ಟುಬಿಡ್ರಿ. ಅವನು ಕೇಳ್ತಾನೇ ಅವ್ನೆ."

ಭಾವಮೈದುನನಿಗೆ ಗಾಡಿ ಕೊಡುವುದೆಂದರೆ ಹಾಲಸ್ವಾಮಿಗೆ ಮೀಸೆ ಬೋಳಿಸಿ ಕೊಟ್ಟಂತೆ. ಕೂಡಲೇ ರೋಗ ಪತ್ತೆ ಮಾಡಿದ. ಕಾರ್ಬುರೇಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ತೊಟ್ಟಿ. ಅದರಲ್ಲಿ ತೇಲುವ ಒಂದು ಬುರುಡೆ. ತೊಟ್ಟಿ ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚಲು ಒಂದು ಸೂಜಿ. ಆ ಸೂಜಿ ಸವೆದಿತ್ತು. ಹಿರಿಯೂರಿನಲ್ಲಿ ಸಿಗದೆ, ಬಸ್ಸು ಹಿಡಿದು ದುರ್ಗದವರೆಗೆ ಹೋಗಿ ಹೊಸದನ್ನು ಪೊಟ್ಟಣ ಕಟ್ಟಿಸಿಕೊಂಡು ಬಂದ.

ಜಯಕ್ಕ ಪೊಟ್ಟಣ ಬಿಚ್ಚಿದಳು. "ಇಷ್ಟುದ್ದದ ಸೂಜಿಗೆ ದುರ್ಗಕ್ಕೆ ಹೋಗಿದ್ರಾ? ನನ್ನ ಡಬ್ಬಿಯಾಗೆ ಹತ್ತು ಅವೆ."

"ಲೇ, ಇದು ಹೊಲಿಯೋ ಸೂಜಿ ಅಲ್ಲ ಕಣೆ! ಬುರುಡೆ ತೇಲಿ ಮೇಲಕ್ಕೆ ಬಂದಂಗೆ ಇದು ಕಂಡಿ ಮುಚ್ತೈತೆ. ತೂಬಿನ ಗೂಟ ಇದ್ದಂಗೆ. ಇಪ್ಪತ್ತು ವರ್ಷ ತೂಬು ನೋಡಿದೋನಿಗೆ ಇದ್ಯಾವ ಮಹಾ ವಿದ್ಯೆ?"

ಶನಿವಾರ ಬೆಳಿಗ್ಗೆ ಜಗಲಿಯ ಮೇಲೆ ಪೇಪರು ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಕಾಫಿ ಲೋಟಕ್ಕೆ ಹಾಕಿ, ಹಾಲಸ್ವಾಮಿ ಶಸ್ತ್ರಚಿಕಿತ್ಸೆಗೆ ಕೂತ. ಸೂಜಿಯ ಒಂದು ತುದಿ ಮೊನೆ, ಇನ್ನೊಂದು ಮೊಂಡು. ಅವನು ಕಂಡ ಕೆರೆಗಳ ತೂಬುಗಳಲ್ಲೆಲ್ಲ ಗೂಟ ಮೇಲಿನಿಂದ ಇಳಿದು, ಮೊನೆ ಕೆಳಗಾಗಿ ಕಂಡಿಗೆ ಕೂರುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಮುಚ್ಚುವ ತೂಬನ್ನು ಯಾವ ಇಂಜಿನಿಯರೂ ಕಟ್ಟಿಸಿದ್ದಿಲ್ಲ. ಆದ್ದರಿಂದ ಇಲಾಖೆಯ ಸಂಪ್ರದಾಯಕ್ಕೆ ಕುಂದು ಬಾರದಂತೆ ಮೊನೆಯನ್ನು ಕೆಳಗೆ ಮಾಡಿ ಕೂರಿಸಿದ. ಸ್ಕ್ರೂ ಬಿಗಿದು, ಪೆಟ್ರೋಲಿನ ನಲ್ಲಿಯ ಉದ್ಘಾಟನೆ ಮಾಡಿದ.

ಇಷ್ಟು ದಿನ ತೊಟ್ಟಿಕ್ಕುತ್ತಿದ್ದುದು ಕಾಲುವೆಯಾಗಿ ಹರಿಯಿತು.

"ನಲ್ಲಿ ನಿಲ್ಸ್ರೀ!" ಎಂದು ಕೂಗಿದ ಜಯಕ್ಕ ಓಡಿಹೋಗಿ, ಉರಿಯುವ ಒಲೆಗೆ ಒಂದು ಕೊಡ ನೀರು ಸುರಿದು, ಅರೆಬೆಂದ ಮುದ್ದೆಯನ್ನು ಹಾಗೇ ಬಿಟ್ಟು ಬಂದಳು. ಸೆರಗು ಸಿಕ್ಕಿಸಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬಿಚ್ರಿ, ನೋಡಾಣ."

"ನಿನಗೇನು ತಿಳಿತೈತೆ?"

"ಪೆಟ್ರೋಲು ಎತ್ತಿಂದ ಬರ್ತೈತೆ?"

"ಮೇಲಿಂದ."

"ಮತ್ತೆ ತಳಕ್ಕೆ ಗೂಟ ಬಡಿದ್ರೆ ನಿಲ್ತೈತಾ? ಬಾಯಿ ಮುಚ್ರಿ!"

"ಏನಂದೆ?"

"ಅದರ ಬಾಯಿ ರೀ! ಬುರುಡೆ ಮೇಲಕ್ಕೆ ತೇಲ್ತೈತೆ ಅಂತ ನೀವೇ ಪಾಠ ಹೇಳಿದ್ರಲ್ಲ. ಮೊನೆ ಮೇಲಕ್ಕೆ ಮಾಡ್ರಿ, ಅದೇ ನೂಕಿ ಮುಚ್ತೈತೆ."

"ನಾನೂ ಅದನ್ನೇ ಅನ್ನಾಕೆ ಹೊಂಟಿದ್ದೆ" ಎಂದು ಹಾಲಸ್ವಾಮಿ ಸೂಜಿ ತಿರುಗಿಸಿದ. ನಲ್ಲಿ ತೆರೆದ. ಇಬ್ಬರೂ ಕಾರ್ಬುರೇಟರಿನ ಕೆಳಗೆ ಬಗ್ಗಿ ಕಾದರು. ಒಂದು ತೊಟ್ಟೂ ಬೀಳಲಿಲ್ಲ. ಸೋರಿದ್ದನ್ನೆಲ್ಲ ಒರೆಸಿ, ಗಾಳಿಗೆ ಆರಿಸಿ, ಮಧ್ಯಾಹ್ನ ಒದ್ದರೆ ಒಂದೇ ಒದೆತಕ್ಕೆ ಗಾಡಿ ಗುಡುಗಿತು.

ಭಾನುವಾರ ಮಾಡದಕೆರೆಯ ದಾರಿಯಲ್ಲಿ ಹಾಲಸ್ವಾಮಿ ಸವಾರಿ ಹೊರಟ ಪಾಳೆಯಗಾರನಾಗಿದ್ದ. ಎದುರಾದ ಪ್ರತಿ ಕುರಿಹಿಂಡಿಗೂ ಹಾರ್ನು ಹೊಡೆದ. ಹಿಂದೆ ಜಯಕ್ಕ ಮಗುವಿನ ಉಡುಗೊರೆಯ ಬೆಳ್ಳಿ ಬಟ್ಟಲನ್ನು ಮಡಿಲಲ್ಲಿ ಹಿಡಿದು ನೆಟ್ಟಗೆ ಕೂತಿದ್ದಳು.

ಗಾಡಿ ನಿಂತದ್ದೇ ಮೂರ್ತಪ್ಪ ಅದರ ಕೆಳಗೆ ಬಗ್ಗಿ ನೆಲ ಸವರಿ ಕೈ ಮೂಸಿದ. ಒಣ ಮಣ್ಣು. ಅವನ ಮುಖವೂ ಒಣಗಿತು.

"ಯಾರು ಭಾವ ರಿಪೇರಿ ಮಾಡಿದ್ದು?"

ಹಾಲಸ್ವಾಮಿ ಹೆಂಡತಿಯ ಕಡೆ ನೋಡಿದ. ಅವಳು ಊರಿಗೇ ಕೇಳುವಂತೆ ಹೇಳಿದಳು: "ಇನ್ಯಾರಲೇ? ನಿಮ್ಮ ಭಾವನೇ. ದುರ್ಗದ ಮೆಕ್ಯಾನಿಕ್ಕು ಇವರ ಮುಂದೆ ಕುಂತು ಕಲೀಬೇಕು!"

ಹಾಲಸ್ವಾಮಿಯ ಎದೆ ಆ ಕ್ಷಣ ಕೋಡಿ ಬಿತ್ತು.

ಹೊಗಳಿಕೆಗೂ ಒಂದು ಸೂಜಿ ಇರಬೇಕಿತ್ತು. ಅರ್ಧ ಗಂಟೆಯೊಳಗೆ ಪೆಟ್ರೋಲು ಸೋರುವ ಪಕ್ಕದ ಮನೆಯ ಪಾಲಯ್ಯನ ಬೈಕು, ಜುಂಜಯ್ಯ ಮೇಷ್ಟ್ರ ಸ್ಕೂಟರು ಅಂಗಳಕ್ಕೆ ಬಂದವು. ಮೂರ್ತಪ್ಪ ಗೋಣಿಚೀಲ ಹಾಸಿದ. "ಊಟಕ್ಕಿನ್ನೂ ಹೊತ್ತೈತೆ. ಕುಂತ್ಕಳ್ರಿ ಭಾವ!"

ಹೆಸರಿಡಲು ಬಂದ ಗಂಡಸರೆಲ್ಲ ಸುತ್ತ ನಿಂತರು. ಕಸ ಕೂತ ಸೂಜಿ ಒರೆಸಿ, ಮೊನೆ ಮೇಲಕ್ಕೆ ಕೂರಿಸಿ ಹಾಲಸ್ವಾಮಿ ಪಾಲಯ್ಯನ ಬೈಕನ್ನು ಗೆದ್ದ. ಆದರೆ ಸ್ಕೂಟರಿನಲ್ಲಿ ಪೆಟ್ರೋಲು ಪಕ್ಕದಿಂದ ಬರುತ್ತಿತ್ತು! ಬಿಚ್ಚಿದ ಸೂಜಿಯನ್ನು ಕೈಯಲ್ಲಿ ಅತ್ತ ಇತ್ತ ತಿರುಗಿಸಿದ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಯ ಕಿಟಕಿಗೆ ಹೋಗಿ ಪಿಸುಗುಟ್ಟಿದ: "ಜಯಾ, ಇದರಾಗೆ ಪಕ್ಕದಿಂದ ಬರ್ತೈತೆ. ಮೊನೆ ಎತ್ತ?"

ಹಪ್ಪಳದ ಎಣ್ಣೆ ಚುರುಗುಡುತ್ತಿತ್ತು. ಜಯಕ್ಕ ತಿರುಗದೆಯೇ, ಆ ಸದ್ದಿಗೂ ಮೇಲೆ ಕೂಗಿದಳು: "ನಿನ್ನೆ ತಾನೆ ಕಲಿಸಿಕೊಟ್ಟೀನಲ್ರೀ! ಎತ್ತಿಂದ ಬರ್ತೈತೋ ಅತ್ತ ಬಾಯಿ ಮುಚ್ರಿ!"

ಅಂಗಳದಲ್ಲಿ ಮೊದಲು ಬಾಯಿ ಮುಚ್ಚಿದವನು ಹಾಲಸ್ವಾಮಿ. ಉಳಿದವರು ಬಾಯಿ ತೆರೆದು ನಕ್ಕರು. ಮೂರ್ತಪ್ಪ ಗೋಣಿಚೀಲವನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ತಂದ. "ಅಕ್ಕಾ, ನೀನೇ ಬಾ. ಹಪ್ಪಳ ಭಾವ ನೋಡ್ಕಳ್ತಾರೆ."

ಜಯಕ್ಕ ಸಟ್ಟುಗವನ್ನು ಗಂಡನ ಕೈಗಿತ್ತು, ಸೂಜಿ ಇಸಿದುಕೊಂಡು ಹೊರಗೆ ಹೋದಳು. ಹಾಲಸ್ವಾಮಿ ಒಂದು ಹಪ್ಪಳವನ್ನು ಎಣ್ಣೆಗೆ ಬಿಟ್ಟ. ಅದು ಮುಳುಗಿ, ಅರಳಿ, ಮೇಲಕ್ಕೆ ತೇಲಿ ಬಂತು. ತೇಲುವುದರ ಮರ್ಮ ತನಗೆ ತಿಳಿಯದೆಂದು ಇನ್ನು ಯಾರಾದರೂ ಹೇಳಲಿ, ನೋಡೋಣ!