ಬೀಗರಿಗೆಂದು ತಂದ ಪರದೆಯ ಕ್ಯಾಡಿಲಾಕ್

ಕಾರುಗಳ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ ಎಂದು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಮೈಸೂರಿನಲ್ಲಿ ನನ್ನ ಹತ್ತಿರ ಸ್ಕೂಟರ್ ಇತ್ತು!

ತೊಂಬತ್ತರ ದಶಕದ ಕೊನೆ. ಕೆಲಸಕ್ಕೆಂದು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿಗೆ ಬಂದು ನನಗೂ ನನ್ನ ಹೆಂಡತಿ ವಸುಧಾಗೂ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಅವಳ ತಂಗಿಯ ಮದುವೆ ಹ್ಯೂಸ್ಟನ್ ಹತ್ತಿರದ ಶುಗರ್ ಲ್ಯಾಂಡಿನಲ್ಲಿ ನಿಶ್ಚಯವಾಯಿತು. ಹುಡುಗ ಧಾರವಾಡದ ಕಡೆಯವನು, ಆಸ್ಟಿನ್ನಿನಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದ್ದ. ಮದುವೆಯ ಯಜಮಾನಿಕೆ ವಸುಧಾಳ ಸೋದರಮಾವನದು. ಟೆಕ್ಸಾಸಿನಲ್ಲೇ ತಲೆ ನರೆತ ಡಾಕ್ಟರು ಅವರು.

"ಅಳಿಯಂದಿರೇ, ನಿಮಗೆ ಒಂದೇ ಕೆಲಸ" ಎಂದು ಫೋನಿನಲ್ಲಿ ಹೇಳಿದರು. "ಹುಡುಗನ ತಂದೆಗೆ ವೀಸಾ ತಡವಾಗಿದೆ. ಮದುವೆ ದಿನ ಬೆಳಿಗ್ಗೆನೇ ಬಂದಿಳೀತಾರೆ. ಏರ್‌ಪೋರ್ಟಿಂದ ಹಾಲ್‌ಗೆ ಕರ್ಕೊಂಡು ಬನ್ನಿ. ತುಂಬಾ ಶಿಸ್ತಿನ ಮನುಷ್ಯ. ಮರ್ಯಾದೆ ಸ್ವಲ್ಪ ಕಮ್ಮಿಯಾದ್ರೂ ಅದೇ ವಿಮಾನ ಹತ್ತಿ ವಾಪಸ್ ಹೋಗೋ ಪೈಕಿ!"

ನನ್ನ ಕಾರಿನಲ್ಲಿ ಮರ್ಯಾದೆ ಎಂಬ ಸೌಲಭ್ಯ ಇರಲಿಲ್ಲ. ಅದರ ಹಿಂಬಾಗಿಲು ತೆರೆಯಬೇಕಾದರೆ ಹೊರಗಿನಿಂದ ಒಬ್ಬರು ಒದೆಯಬೇಕಿತ್ತು. ಹಾಗಾಗಿ ಲಿಟಲ್ ಎಲ್ಮ್‌ನಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುವ ಅಜ್ಜನೊಬ್ಬನ ಶೆಡ್ಡಿಗೆ ಹೋದೆ. ಅಲ್ಲಿ ಕಂಡಿತು ಕ್ಯಾಡಿಲಾಕ್! ಕಪ್ಪು ಬಣ್ಣ, ಕನ್ನಡಿಯಂಥ ಹೊಳಪು, ಮುಗಿಯದ ಉದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಕಿಟಕಿಗಳಿಗೆ ಪರದೆ! ನಮ್ಮೂರಿನಲ್ಲಿ ಕಾರಿಗೆ ಪರದೆ ಇರುವುದು ಯಾರಿಗೆ? ಮಂತ್ರಿಗೆ, ಜಿಲ್ಲಾಧಿಕಾರಿಗೆ. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

"ಯಾವುದಕ್ಕೆ ಬೇಕು?" ಎಂದು ಅಜ್ಜ ಕೇಳಿದ.

"ಮದುವೆಗೆ."

ಅಜ್ಜ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಖಂಡಿತಾನಾ?"

"ಖಂಡಿತ."

"ನಿನ್ನಿಷ್ಟ. ಇದರಲ್ಲಿ ಹೋದವರು ಒಬ್ಬರೂ ಇದುವರೆಗೆ ದೂರು ಹೇಳಿಲ್ಲ" ಎಂದು ಕೀಲಿಕೈ ಕೊಟ್ಟ. ಇಂಥ ಖಾತರಿ ಬೇರೆ ಯಾವ ಕಾರಿಗೆ ಸಿಗುತ್ತದೆ!

ವಸುಧಾ ಮಾತ್ರ ಒಳಗೆ ಇಣುಕಿ ತಕರಾರು ತೆಗೆದಳು. "ರೀ, ಹಿಂದೆ ಸೀಟೇ ಇಲ್ವಲ್ರೀ! ನೆಲಕ್ಕೆ ಉರುಳೆ ಬೇರೆ ಹಾಕಿದ್ದಾರೆ."

"ಉರುಳೆ ಸೂಟ್‌ಕೇಸ್ ಜಾರಿಸೋಕೆ. ಅಷ್ಟು ದೂರದಿಂದ ಕೂತ್ಕೊಂಡೇ ಬರೋರಿಗೆ ಸೀಟ್ ಯಾಕೆ? ಹಾಸಿಗೆ ಹಾಸೋಣ."

ಹಾಸಿಗೆ ಹಾಸಿದೆವು. ಕಾರಿನ ತುಂಬ ಬಿಳಿ ಸೇವಂತಿಗೆ ಹಾರ ಹಾಕಿದೆವು. ಶೋಭೆಗೆಂದು ಹಗಲಿನಲ್ಲೇ ಹೆಡ್‌ಲೈಟನ್ನೂ ಹಚ್ಚಿಕೊಂಡು ಹ್ಯೂಸ್ಟನ್ ಏರ್‌ಪೋರ್ಟಿಗೆ ಹೋದೆವು.

ಬೀಗರು ಕೋಟು, ಜರಿ ರುಮಾಲು ಧರಿಸಿ ಹೊರಗೆ ಬಂದರು. ಗಾಡಿ ನೋಡಿ ನಿಂತೇಬಿಟ್ಟರು. "ನನಗಂತ ಇಷ್ಟ ದೊಡ್ಡ ಗಾಡಿ ತಂದೀರೇನ್ರೀ?"

"ಕ್ಯಾಡಿಲಾಕ್, ಸಾರ್!" ಎಂದೆ. ಅವರು ಹಾಸಿಗೆಯ ಮೇಲೆ ಕಾಲು ಚಾಚಿದ ಕೂಡಲೇ ಉಪನ್ಯಾಸ ಆರಂಭಿಸಿದೆ. ಹ್ಯಾಂಡಲ್ ತಿರುಗಿಸಿ ತೋಳು ಮುರಿದುಕೊಳ್ಳುತ್ತಿದ್ದ ಕಾಲದಲ್ಲಿ ಗುಂಡಿ ಒತ್ತಿ ಎಂಜಿನ್ ಎಬ್ಬಿಸಿದವರು ಈ ಕಂಪನಿಯವರು. ಮೂರು ಕಾರುಗಳನ್ನು ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಗೆ ಸುರಿದು ಮತ್ತೆ ಜೋಡಿಸಿದಾಗ ಮೂರೂ ಓಡಿದವಂತೆ. ಮುಂದೆ ಕಾರಿನ ಹಿಂಭಾಗಕ್ಕೆ ಮೀನಿನ ರೆಕ್ಕೆ ಮೂಡಿಸಿ ಅಮೆರಿಕವನ್ನೇ ಮರುಳು ಮಾಡಿದರು. ರೆಕ್ಕೆಗೆ ಬರುವಷ್ಟರಲ್ಲಿ ಬೀಗರು ಬಿಳಿ ಶಾಲನ್ನು ಮುಖದವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

ರಸ್ತೆಯಲ್ಲಿ ವಿಚಿತ್ರವೊಂದು ನಡೆಯತೊಡಗಿತು. ಎದುರಿನ ಕಾರುಗಳು ಪಕ್ಕಕ್ಕೆ ಸರಿದು ನಿಂತವು. ಒಬ್ಬ ದಪ್ಪ ಮನುಷ್ಯ ಪಿಕಪ್ಪಿನಿಂದ ಇಳಿದು ಟೋಪಿ ತೆಗೆದು ಎದೆಗೆ ಹಿಡಿದ.

"ನೋಡಿದ್ಯಾ ವಸುಧಾ, ಈ ಊರಲ್ಲಿ ಕ್ಯಾಡಿಲಾಕಿಗೆ ಎಷ್ಟು ಗೌರವ!"

"ಅವನ ಕಣ್ಣಲ್ಲಿ ನೀರಿತ್ತಲ್ರೀ?"

"ಅಭಿಮಾನ!"

ಸಿಗ್ನಲ್ಲಿನಲ್ಲಿ ನಿಂತೆವು. ಪಕ್ಕದ ಕಾರಿನ ಹೆಂಗಸು ನಮ್ಮ ಕಡೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅದೇ ಹೊತ್ತಿಗೆ ಬೀಗರಿಗೆ ಎಚ್ಚರವಾಯಿತು. ಶಾಲು ಸರಿಸಿ ನಿಧಾನವಾಗಿ ಎದ್ದು ಕುಳಿತರು. ಪರದೆಯನ್ನು ಪಕ್ಕಕ್ಕೆ ಎಳೆದರು. ಆಕೆಯನ್ನು ಕಂಡು, ಹಿರಿಯರ ಸೌಜನ್ಯದಿಂದ ಕೈಮುಗಿದು ನಕ್ಕರು.

ಆ ಚೀತ್ಕಾರವನ್ನು ನಾನು ಸಾಯುವವರೆಗೆ ಮರೆಯಲಾರೆ! ಆಕೆ ಕಾರನ್ನು ಅಲ್ಲೇ ಬಿಟ್ಟು ಪೆಟ್ರೋಲ್ ಬಂಕಿನ ಕಡೆ ಓಡಿದಳು.

"ಆ ಯಮ್ಮಗ ಏನಾತ್ರೀ?"

"ನಿಮ್ಮ ರುಮಾಲು ನೋಡಿ ಖುಷಿಯಾಯ್ತು ಅನ್ಸುತ್ತೆ, ಸಾರ್" ಎಂದೆ. ಸಿಗ್ನಲ್ ಹಸಿರಾದದ್ದೇ ಗಾಡಿಯ ವೇಗ ಹೆಚ್ಚಿಸಿದೆ.

ಹಾಲ್ ಬಾಗಿಲಿನಲ್ಲಿ ಮಾವ, ಆರತಿ ತಟ್ಟೆ ಹಿಡಿದ ಹೆಂಗಸರು, ಓಲಗದ ಕ್ಯಾಸೆಟ್ಟು ಎಲ್ಲವೂ ಸಜ್ಜಾಗಿದ್ದವು. ಗಾಡಿ ಕಂಡದ್ದೇ ಮಾವನ ಮುಖ ಸುಣ್ಣವಾಯಿತು. ನನ್ನ ತೋಳು ಹಿಡಿದು ಆಚೆಗೆ ಎಳೆದರು.

"ಏನಯ್ಯಾ ಇದು?"

"ಕ್ಯಾಡಿಲಾಕ್, ಮಾವ."

"ಹೆಣ ಸಾಗಿಸೋ ಗಾಡಿ ಕಣಯ್ಯಾ! ಶವಪೆಟ್ಟಿಗೆ ಜಾರಿಸೋಕೆ ಆ ಉರುಳೆ! ಇದಕ್ಕೆ ಅಂತಾನೇ ಆ ಕಂಪನಿಯೋರು ಉದ್ದನೆ ಚಾಸಿ ಮಾಡಿ ಕೊಡ್ತಾರೆ!"

ಕ್ಯಾಡಿಲಾಕಿನ ಇತಿಹಾಸದಲ್ಲಿ ನನಗೆ ತಿಳಿಯದಿದ್ದ ಸಂಗತಿ ಇದೊಂದೇ! ಮಾವ ಇದನ್ನು ಪಿಸುಗುಟ್ಟಿದ್ದರು. ಕಿವಿ ಕೇಳದ ರೋಗಿಗಳ ಜೊತೆ ಮಾತಾಡಿ ಅಭ್ಯಾಸವಾದ ಅವರ ಪಿಸುಮಾತು ಅಡುಗೆಮನೆಯವರೆಗೂ ತಲುಪಿತು. ಯಾರೋ ಓಲಗ ನಿಲ್ಲಿಸಿದರು. ಬಾಗಿಲಿನಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನಾದಿನಿಯ ತುಟಿ ನಡುಗಿತು. ಅದನ್ನು ಕಂಡು ನನಗೆ ನಿಜಕ್ಕೂ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನನ್ನ ಬುದ್ಧಿವಂತಿಕೆಗೆ ಆ ಹುಡುಗಿಯ ಮದುವೆ ಮುರಿದುಬೀಳುವುದರಲ್ಲಿತ್ತು.

ಬೀಗರು ಕೆಳಗಿಳಿದು ಗಾಡಿಯನ್ನು ನೋಡಿದರು. ಹಾಸಿಗೆ ನೋಡಿದರು. ಹಾರಗಳನ್ನು ನೋಡಿದರು. ಕೊನೆಗೆ ರುಮಾಲು ಸರಿಮಾಡಿಕೊಂಡರು.

"ಡಾಕ್ಟರ್ ಸಾಹೇಬ್ರ, ಈ ಗಾಡಿಯೊಳಗ ಮಲಗಿ ಹೋಗಿ, ತಾನಾಗೇ ಎದ್ದು, ನಡಕೋತ ಇಳದಾವ ಯಾವನರ ಇದ್ದಾನೇನ್ರೀ?"

"ಇ... ಇಲ್ಲ."

"ನಾ ಇಳದೇನಿ. ಇದಕ್ಕಿಂತ ದೊಡ್ಡ ಶಕುನ ಎಲ್ಲಿ ತರ್ತೀರಿ? ಆರತಿ ಬೆಳಗ್ರೀ, ಮುಹೂರ್ತ ಮೀರತದ!"

ಓಲಗ ಮತ್ತೆ ಮೊಳಗಿತು. ನಾದಿನಿ ಅಳುತ್ತಲೇ ನಕ್ಕಳು. ನಾನು ಕಾಲರ್ ಸರಿಮಾಡಿಕೊಂಡೆ. ಒಟ್ಟಿನಲ್ಲಿ ಇಷ್ಟು ದೊಡ್ಡ ಶಕುನವನ್ನು ಒದಗಿಸಿದವನು ನಾನೇ ಅಲ್ಲವೇ?

ಒಳಗೆ ಹೋಗುತ್ತಾ ಬೀಗರು ವಸುಧಾಳನ್ನು ಕರೆದು ಮೆತ್ತಗೆ ಹೇಳಿದರು: "ನಿಮ್ಮ ಯಜಮಾನ್ರು ಭಾಳ ಒಳ್ಳೇವರದಾರವಾ. ಆದರ ಇನ್ನ ಮ್ಯಾಲೆ ಯಾವ ಕೆಲಸಾನೂ ಹಚ್ಚಬ್ಯಾಡ."

ಹಿರಿಯರ ಮಾತನ್ನು ನನ್ನ ಹೆಂಡತಿ ಇಂದಿಗೂ ಮೀರಿಲ್ಲ. ಈಗ ನಮ್ಮವರ ಯಾವ ಮದುವೆಗೆ ಹೋದರೂ ನನ್ನ ಪಾಲಿಗೆ ಇರುವುದು ಊಟ ಒಂದೇ. ಅದಕ್ಕೂ ಮೊದಲು, ನಾನು ಬಾಳೆ ಎಲೆಯ ತುದಿಯನ್ನು ಸರಿಯಾದ ಕಡೆಗೆ ಹಾಕಿಕೊಂಡಿದ್ದೇನೆಯೇ ಎಂದು ಅವಳು ಬಂದು ನೋಡಿಕೊಂಡು ಹೋಗುತ್ತಾಳೆ.